ಜಗಲಿಯ ಮಾತು: ಮೇಘದೊಳಗಿನ ಮನೆಗೆ ಬರೆದ ಶಾಸನ



ಸೊರಬದ ಕಡೆಯ ಗೃಹಿಣಿಯೊಬ್ಬರು ನಮಗೆ ಬರೆದ ಪತ್ರವು ಈ ತಿಂಗಳ ಮಾತಿಗೆ ಕಾರಣವಾಯಿತು. ಆಕೆಯ ಮಗನು ಆರು ವರ್ಷಗಳಿಂದ ಬೆಂಗಳೂರಿನ ಒಂದು ಸಾಫ್ಟ್‌ವೇರು ಕಂಪೆನಿಯಲ್ಲಿ ಉದ್ಯೋಗಸ್ಥನಾಗಿರುವನು. ಸಂಬಳ ಚೆನ್ನಾಗಿದೆ, ನಡತೆಯಲ್ಲಿ ಕೊರತೆಯಿಲ್ಲ. ಈಚೆಗೆ ಅವನಿಗೆ ಹೆಣ್ಣು ನೋಡಲು ಹೋದಾಗ ಕನ್ಯೆಯ ತಾತನವರು, "ಹುಡುಗನಿಗೆ ಕೆಲಸವೇನು?" ಎಂದು ಕೇಳಿದರಂತೆ. ತಾಯಿಯು ಮಗನ ಬಾಯಿಂದ ಕೇಳಿದ್ದನ್ನೇ ಒಪ್ಪಿಸಿ, "ಕ್ಲೌಡ್ ಆಟೊಮೇಷನ್" ಎಂದರಂತೆ. ವೃದ್ಧರು ಸ್ವಲ್ಪ ಹೊತ್ತು ಯೋಚಿಸಿ, "ಮೋಡದ ಕೆಲಸವೆಂದರೆ ಹವಾಮಾನದ ಇಲಾಖೆಯೋ?" ಎಂದರಂತೆ. ಪತ್ರದ ಕೊನೆಯಲ್ಲಿ ಆ ತಾಯಿಯು ಹೀಗೆ ಬರೆದಿದ್ದಾರೆ: "ನನ್ನ ಮಗನು ಹಗಲಿರುಳೆನ್ನದೆ ಮಾಡುತ್ತಿರುವ ಕೆಲಸವೇನೆಂಬುದು ಹೆತ್ತ ನನಗೇ ತಿಳಿಯದು. ಕೇಳಿದರೆ 'ನಿನಗೆ ಅರ್ಥವಾಗದಮ್ಮ' ಎನ್ನುತ್ತಾನೆ. ಮೇಷ್ಟರು ತಿಳಿಸಿಕೊಡಬೇಕು."

ಇದನ್ನೋದಿದವರಿಗೆ ನಗು ಬಂದೀತು, ನಮಗೆ ಬರಲಿಲ್ಲ. ಶಿಕಾರಿಪುರ ಸೊರಬಗಳಲ್ಲಿ ಮಗನನ್ನೋ ಮಗಳನ್ನೋ ಬೆಂಗಳೂರಿಗೆ ಕಳುಹಿಸದ ಮನೆ ಈಗ ವಿರಳ. ಪೂರ್ವದಲ್ಲಿ ಗದ್ದೆಯವನ ಮಗನು ಗದ್ದೆಯನ್ನು, ಗುಡಿಗಾರನ ಮಗನು ಉಳಿಯನ್ನು ಹಿಡಿಯುತ್ತಿದ್ದುದರಿಂದ ಮಗನ ಆಯಾಸವು ತಂದೆಗೆ ಕಣ್ಣೆದುರಿಗೇ ಕಾಣುತ್ತಿತ್ತು. ಈಗ ಮಗನು ಹಬ್ಬಕ್ಕೆ ಬಂದು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರೆ, ಅವನು ದುಡಿಯುತ್ತಿರುವನೋ ದುಃಖಿಸುತ್ತಿರುವನೋ ಎಂಬುದೇ ಮನೆಯವರಿಗೆ ತಿಳಿಯದು. ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು. ಆದಕಾರಣ ನಮ್ಮ ತಮ್ಮನ ಮಗನ ಬಳಿ ಶಿಷ್ಯವೃತ್ತಿಯನ್ನವಲಂಬಿಸಿ ಕಲಿತುದನ್ನು ಇಲ್ಲಿ ನಿವೇದಿಸುವೆವು.

ಮೂರು ವರ್ಷಗಳ ಹಿಂದಿನ ಮಾತು. ದೀಪಾವಳಿಯ ನೀರು ತುಂಬುವ ಹಬ್ಬದ ರಾತ್ರಿ. ಹಂಡೆಗೆ ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು ನೀರು ತುಂಬಿಸಿಯಾಗಿತ್ತು. ಹನ್ನೊಂದು ಗಂಟೆಯ ವೇಳೆಗೆ ಹುಡುಗನ ಫೋನು ಮೊಳಗಿತು. ಅವನು ಲ್ಯಾಪ್‌ಟಾಪನ್ನು ತೆಗೆದುಕೊಂಡು, ಸಿಗ್ನಲು ಸಿಕ್ಕುವುದೆಂದು ಮಾಳಿಗೆಯ ಕಿಟಕಿಯ ಬಳಿ ಕುಳಿತವನು, ಬೆಳಗಿನ ಜಾವ ನಾಲ್ಕಾದರೂ ಏಳಲಿಲ್ಲ. ಅವನ ತಾಯಿಯು ಎಣ್ಣೆಯ ಬಟ್ಟಲನ್ನು ಹಿಡಿದು ಮೆಟ್ಟಿಲ ಬುಡದಲ್ಲಿಯೇ ಕುಳಿತಿದ್ದಳು. "ಭಾವ, ಇದೇನು ನೌಕರಿಯೋ, ಸೆರೆಯೋ?" ಎಂದು ನಮ್ಮನ್ನು ಕೇಳಿದಳು. ಉತ್ತರ ನಮಗೆ ತಿಳಿದಿರಲಿಲ್ಲ. ಮುಂಜಾನೆ ಕೆಳಗಿಳಿದು ಬಂದವನನ್ನು ವಿಚಾರಿಸಲಾಗಿ, "ಏನು ಮಾಡಲಿ ದೊಡ್ಡಪ್ಪ? ಆ ಯಂತ್ರಗಳನ್ನು ಸಜ್ಜುಗೊಳಿಸುವ ಕ್ರಮ ನನ್ನೊಬ್ಬನಿಗೇ ಗೊತ್ತು" ಎಂದನು. ಆ ಮಾತಿನಲ್ಲಿ ಬಳಲಿಕೆಯಿತ್ತು. ಜೊತೆಗೆ ಸ್ವಲ್ಪ ಹೆಮ್ಮೆಯೂ ಇತ್ತು. ಆ ಹೆಮ್ಮೆಯನ್ನು ನಾವು ಗುರುತಿಸಿದೆವು. ಏಕೆಂಬುದನ್ನು ಮುಂದೆ ಹೇಳುವೆವು.

ಮೊದಲು ಆ 'ಮೋಡ' ಎಂದರೇನೆಂಬುದನ್ನು ತಿಳಿಯೋಣ. ಅದು ಆಕಾಶದಲ್ಲಿಲ್ಲ, ನೆಲದ ಮೇಲೆಯೇ ಇದೆ. ಸಹಸ್ರಾರು ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿ, ಅವು ಕಾಯದಂತೆ ತಂಪುಮಾಡಿ, ವಿದ್ಯುತ್ತು ತಪ್ಪದಂತೆ ಏರ್ಪಾಡುಮಾಡಿ, ಬೇಕಾದವರಿಗೆ ಬೇಕಾದಷ್ಟು ಹೊತ್ತು ಬಾಡಿಗೆಗೆ ಕೊಡುವ ದೊಡ್ಡ ಕಟ್ಟಡಗಳೇ ಅವು. ಅಮೆಜಾನ್ ಕಂಪೆನಿಯು 2006ರಲ್ಲಿ ಈ ಬಾಡಿಗೆಯ ವ್ಯಾಪಾರವನ್ನು ದೊಡ್ಡದಾಗಿ ಆರಂಭಿಸಿತು. 2016ರಲ್ಲಿ ಮುಂಬಯಿಯಲ್ಲಿಯೂ ಅದರ ನೆಲೆ ಏರ್ಪಟ್ಟಿತು. ಮದುವೆಗಾಗಿ ಯಾರೂ ಐನೂರು ಜನರಿಗಾಗುವ ಪಾತ್ರೆಗಳನ್ನು ಕೊಂಡಿಡುವುದಿಲ್ಲವಷ್ಟೆ. ಶಾಮಿಯಾನ, ಹಂಡೆ, ಕುರ್ಚಿಗಳನ್ನು ಎರಡು ದಿನದ ಮಟ್ಟಿಗೆ ಬಾಡಿಗೆಗೆ ತಂದು ಹಿಂದಿರುಗಿಸುವೆವು. ಕ್ಲೌಡಿನ ತತ್ತ್ವವೂ ಇದೇ. ಮೊಬೈಲಿನಲ್ಲಿ ನಾವು ಹಣ ಕಳುಹಿಸುವಾಗಲೂ ರೈಲಿನ ಟಿಕೆಟು ತೆಗೆಯುವಾಗಲೂ ದೂರದ ಇಂಥ ಯಾವುದೋ ಯಂತ್ರವು ಉತ್ತರ ಕೊಡುವುದು. ಆ ಯಂತ್ರಗಳು, ಅವುಗಳ ನಡುವಣ ದಾರಿಗಳು, ಬಾಗಿಲುಗಳು, ಬೀಗಗಳು, ದತ್ತಾಂಶದ ಉಗ್ರಾಣಗಳು ಇವೆಲ್ಲವನ್ನೂ ಸೇರಿಸಿ 'ಇನ್‌ಫ್ರಾಸ್ಟ್ರಕ್ಚರ್' ಎನ್ನುವರು. ನಾವು 'ಅಡಿಪಾಯದ ಏರ್ಪಾಡು' ಎಂದುಕೊಳ್ಳಬಹುದು.

ಅಡಿಪಾಯ ಸಾಲದಿದ್ದರೆ ಏನಾಗುವುದೆಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವುಂಟು. 2007ರಲ್ಲಿ ಅಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಕಂಪೆನಿಯು 2014ರ ಅಕ್ಟೋಬರ್ 6ರಂದು ಒಂದು ಮಹಾಮಾರಾಟವನ್ನು ಸಾರಿತು. ಜನರು ಒಮ್ಮೆಗೇ ಮುಗಿಬಿದ್ದುದರಿಂದ ಅಂಗಡಿಯ ಪುಟಗಳೇ ತೆರೆಯದಾದವು. ಸ್ಥಾಪಕರಾದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಇಬ್ಬರೂ ಗ್ರಾಹಕರ ಕ್ಷಮೆ ಕೇಳಿ ಪತ್ರ ಬರೆದರು. ಸುಮಾರು 5000 ಸರ್ವರುಗಳನ್ನು ಅಣಿಮಾಡಿದ್ದರೂ ಬಂದ ಜನಸಂದಣಿಗೆ ಅವು ಸಾಲದಾದವೆಂದು ಒಪ್ಪಿಕೊಂಡರು. ಇದಕ್ಕೆ ಪ್ರತಿಯಾಗಿ ಮತ್ತೊಂದು ನಿದರ್ಶನ. 2019ರ ಜುಲೈ 10ರಂದು ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ ಭಾರತವು ನ್ಯೂಜಿಲೆಂಡಿನೊಡನೆ ಆಡುತ್ತಿದ್ದಾಗ, ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.53 ಕೋಟಿ ಜನ ಆಟವನ್ನು ನೋಡುತ್ತಿದ್ದರು. ಧೋನಿಯವರು ರನ್‌ಔಟ್ ಆದೊಡನೆ ಆ ಸಮೂಹವು ಕೆಲವೇ ನಿಮಿಷಗಳಲ್ಲಿ ಕರಗಿಹೋಯಿತು. ಬರುವಾಗ ಯಂತ್ರಗಳನ್ನು ಏರಿಸಬೇಕು, ಹೋದಮೇಲೆ ಇಳಿಸಬೇಕು. ಏರಿಸದಿದ್ದರೆ ಆಟ ನಿಲ್ಲುವುದು, ಇಳಿಸದಿದ್ದರೆ ಬಾಡಿಗೆ ಏರುವುದು. ಇದನ್ನು ಕೈಯಿಂದ ಮಾಡುವುದು ಮನುಷ್ಯಮಾತ್ರರಿಗೆ ಅಸಾಧ್ಯ. ಇಷ್ಟು ಜನ ಬಂದರೆ ಇಷ್ಟು ಯಂತ್ರವೆಂಬ ಲೆಕ್ಕವನ್ನು ಅವರು ಮುಂಚಿತವಾಗಿಯೇ ಬರೆದಿಟ್ಟು, ಆ ಲೆಕ್ಕದಂತೆ ಯಂತ್ರಗಳು ತಾವಾಗಿಯೇ ಏರಿಳಿಯುವಂತೆ ಮಾಡಿದ್ದರು.

ಇನ್ನು 'ಅಜೈಲ್' ಎಂಬ ಶಬ್ದ. ಹಿಂದೆ ಸಾಫ್ಟ್‌ವೇರನ್ನು ದೊಡ್ಡ ದೇವಾಲಯ ಕಟ್ಟುವಂತೆ ಕಟ್ಟುತ್ತಿದ್ದರು. ವರ್ಷಗಟ್ಟಲೆ ನಕ್ಷೆ, ವರ್ಷಗಟ್ಟಲೆ ಕೆಲಸ. ಕಡೆಯಲ್ಲಿ ತೆರೆದು ತೋರಿಸಿದಾಗ, "ನಾವು ಕೇಳಿದ್ದು ಇದಲ್ಲ" ಎನ್ನುವ ಯಜಮಾನ. ಇದರಿಂದ ಬೇಸತ್ತ ಹದಿನೇಳು ಮಂದಿ ತಜ್ಞರು 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಪ್ರಾಂತದ ಸ್ನೋಬರ್ಡ್ ಎಂಬ ಹಿಮದ ಬೆಟ್ಟದಲ್ಲಿ ಸೇರಿ ಒಂದು ಘೋಷಣೆಯನ್ನು ಹೊರಡಿಸಿದರು. ಸ್ವಲ್ಪಸ್ವಲ್ಪವಾಗಿ ಮಾಡಿ ತೋರಿಸು, ಬಳಸುವವರ ಮಾತು ಕೇಳು, ತಿದ್ದಿಕೊ, ಮತ್ತೆ ಮಾಡು ಎಂಬುದೇ ಅದರ ಸಾರ. ಅಂದಿನಿಂದ ಏಳೆಂಟು ಜನರ ಚಿಕ್ಕ ತಂಡಗಳು, ಎರಡೆರಡು ವಾರದ ಗಡುವುಗಳು, ದಿನಕ್ಕೊಮ್ಮೆ ನಿಂತುಕೊಂಡೇ ಮುಗಿಸುವ ಕಾಲುಗಂಟೆಯ ಸಭೆಗಳು ರೂಢಿಗೆ ಬಂದವು. ನಿಮ್ಮ ಮಕ್ಕಳು ಬೆಳಿಗ್ಗೆ ಊಟದ ತಟ್ಟೆಯನ್ನು ಬಿಟ್ಟು "ಸ್ಟ್ಯಾಂಡಪ್ ಇದೆ" ಎಂದು ಓಡುವರಲ್ಲವೇ, ಅದೇ ಆ ಸಭೆ.

ಇಲ್ಲಿ ಒಂದು ತೊಡಕು ಹುಟ್ಟಿತು. ಅಡಿಗೆಯವರು ಹದಿನೈದು ದಿನಕ್ಕೊಂದು ಹೊಸ ಪಾಕವನ್ನು ಸಿದ್ಧಪಡಿಸುವರು. ಆದರೆ ಒಲೆ, ಪಾತ್ರೆ, ಚಪ್ಪರಗಳನ್ನು ಒದಗಿಸುವವನು ಬೇರೊಬ್ಬನು. ಅವನಿಗೆ ಅರ್ಜಿ ಹಾಕಿ ತಿಂಗಳು ಕಾಯಬೇಕು. ಕೋಡು ಬರೆಯುವವರ ವೇಗ ಒಂದು, ಯಂತ್ರಗಳನ್ನು ನೋಡಿಕೊಳ್ಳುವವರ ವೇಗ ಮತ್ತೊಂದು. ಬರೆಯುವವರಿಗೆ ಬದಲಾವಣೆಯೇ ಸುಖ. ನೋಡಿಕೊಳ್ಳುವವರಿಗೆ ಬದಲಾವಣೆಯೇ ಭಯ. ಅತ್ತೆಸೊಸೆಯರ ಜಗಳದಂತೆ ಇದು ಬಹುಕಾಲ ನಡೆಯಿತು. 2009ರ ಅಕ್ಟೋಬರಿನಲ್ಲಿ ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ ನಡೆದ ಸಮ್ಮೇಳನವೊಂದರಿಂದ ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ 'ಡೆವಾಪ್ಸ್' ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಪಂಕ್ತಿ ಒಂದಾದುದೇನೋ ಸರಿ. ಆದರೆ ಚಪ್ಪರವನ್ನು ಎರಡು ವಾರಕ್ಕೊಮ್ಮೆ ಕೈಯಿಂದಲೇ ಕಟ್ಟಿ ಬಿಚ್ಚುವುದಾದರೆ ಕಟ್ಟುವವನ ಗತಿಯೇನು? ನಮ್ಮ ಹುಡುಗನ ದೀಪಾವಳಿಯ ರಾತ್ರಿಯೇ ಅದಕ್ಕೆ ಉತ್ತರ.

ಕೈಕೆಲಸವು ಬಳಲಿಕೆಯನ್ನಲ್ಲದೆ ಅಪಾಯವನ್ನೂ ತರುವುದು. ಅಮೆರಿಕದಲ್ಲಿ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಸಂಸ್ಥೆಯಿತ್ತು. ಅದರ ಎಂಟು ಸರ್ವರುಗಳಿಗೆ ಹೊಸ ಕೋಡನ್ನು ನಕಲು ಮಾಡಬೇಕಾಗಿತ್ತು. ಕೆಲಸಗಾರನು ಏಳಕ್ಕೆ ಮಾಡಿ, ಎಂಟನೆಯದನ್ನು ಮರೆತನು. ಮತ್ತೊಬ್ಬರು ಪರಿಶೀಲಿಸಲಿಲ್ಲ; ಪರಿಶೀಲಿಸಬೇಕೆಂಬ ಲಿಖಿತ ನಿಯಮವೂ ಇರಲಿಲ್ಲ. 2012ರ ಆಗಸ್ಟ್ 1ರಂದು ಪೇಟೆ ತೆರೆದ 45 ನಿಮಿಷಗಳಲ್ಲಿ ಆ ಎಂಟನೆಯ ಸರ್ವರು ತಪ್ಪು ವ್ಯಾಪಾರಗಳನ್ನು ಮಾಡುತ್ತ ಹೋಗಿ, ಸಂಸ್ಥೆಗೆ 44 ಕೋಟಿ ಡಾಲರಿಗೂ ಮಿಕ್ಕ ನಷ್ಟವಾಯಿತು. ಮರುವರ್ಷ ಆ ಸಂಸ್ಥೆಯು ಮತ್ತೊಂದರಲ್ಲಿ ಲೀನವಾಗಿಹೋಯಿತು. ಮರೆತವನು ಅಜ್ಞಾನಿಯಲ್ಲ, ಮನುಷ್ಯನು, ಅಷ್ಟೆ. ಎಂಟು ಮಕ್ಕಳಿಗೆ ಬಡಿಸುವ ತಾಯಿಯೂ ಒಂದು ದಿನ ಒಬ್ಬನಿಗೆ ತುಪ್ಪವನ್ನು ಮರೆಯುವುದುಂಟು.

ಇದಕ್ಕೆ ಕಂಡುಕೊಂಡ ಪರಿಹಾರವೇ ನಮ್ಮ ಪತ್ರಲೇಖಕಿಯ ಮಗನ ಕೆಲಸ. ಅದೇನೆಂದರೆ: ಯಂತ್ರಗಳನ್ನು ಸಜ್ಜುಗೊಳಿಸುವ ಕ್ರಮವನ್ನು ಕೈಯಿಂದ ಮಾಡದೆ ಬರೆದಿಡುವುದು, ಮತ್ತು ಆ ಬರಹವನ್ನು ಓದಿ ಕೆಲಸವನ್ನು ನೆರವೇರಿಸುವಂತೆ ಒಂದು ಯಂತ್ರಕ್ಕೇ ಒಪ್ಪಿಸುವುದು.

ಈ ಬರಹದ ರೀತಿಯು ಸಂಸ್ಕೃತ ಕಲಿತ ನಮಗೆ ಬಹಳ ರುಚಿಸಿತು. ನೀವು ಆಳನ್ನು ಕರೆದು, "ಹತ್ತು ಸೇರು ಅಕ್ಕಿ ತಾ" ಎಂದು ಹೇಳಿದಿರೆನ್ನಿ. ಅದೇ ಮಾತನ್ನು ಮೂರು ಜನರಿಗೆ ಹೇಳಿದರೆ ಮೂವತ್ತು ಸೇರು ಬಂದು ಬೀಳುವುದು. ಅದರ ಬದಲು, "ಡಬ್ಬಿಯಲ್ಲಿ ಹತ್ತು ಸೇರು ಅಕ್ಕಿ ಇರತಕ್ಕದ್ದು" ಎಂದು ಗೋಡೆಯ ಮೇಲೆ ಬರೆದಿಡಿ. ಏಳು ಸೇರು ಇದ್ದರೆ ಮೂರು ಮಾತ್ರ ಬರುವುದು; ಹತ್ತೂ ಇದ್ದರೆ ಯಾರೂ ಅಂಗಡಿಗೆ ಹೋಗುವುದಿಲ್ಲ. ಎಷ್ಟು ಸಲ ಓದಿ ನಡೆಸಿದರೂ ಫಲ ಒಂದೇ. 2014ರಲ್ಲಿ ಹೊರಬಂದ ಟೆರಾಫಾರ್ಮ್ ಮೊದಲಾದ ಉಪಕರಣಗಳು ಈ ಎರಡನೆಯ ಮಾದರಿಯವು. "ಎರಡು ಯಂತ್ರಗಳಿರಬೇಕು, ಒಂದು ಉಗ್ರಾಣವಿರಬೇಕು, ಹೊರಗಿನವರಿಗೆ ಒಂದೇ ಬಾಗಿಲಿರಬೇಕು" ಎಂದು ಬರೆದರೆ, ಉಪಕರಣವು ಇರುವುದನ್ನೂ ಬರೆದಿರುವುದನ್ನೂ ಹೋಲಿಸಿ, ವ್ಯತ್ಯಾಸವನ್ನಷ್ಟೇ ನೆರವೇರಿಸುವುದು. ನೆರವೇರಿಸುವ ಮೊದಲು, "ಇಂತಿಂಥದನ್ನು ಕಟ್ಟುವೆನು, ಇಂತಿಂಥದನ್ನು ಕೆಡವುವೆನು, ಅಪ್ಪಣೆಯೇ?" ಎಂದು ಪಟ್ಟಿಯನ್ನು ಮುಂದಿಟ್ಟು ಕೇಳುವುದೂ ಉಂಟು.

ಶಿಕಾರಿಪುರ ತಾಲ್ಲೂಕಿನ ತಾಳಗುಂದವನ್ನು ನೋಡದ ವಾಚಕರು ಈ ಸೀಮೆಯಲ್ಲಿ ಕಡಮೆ. ಅಲ್ಲಿಯ ಪ್ರಣವೇಶ್ವರನ ಗುಡಿಯೆದುರಿನ ಕಂಬದ ಮೇಲೆ ಐದನೆಯ ಶತಮಾನದ ಸಂಸ್ಕೃತ ಶಾಸನವಿದೆ. ಕದಂಬರ ಕಾಕುಸ್ಥವರ್ಮನು ಅಲ್ಲಿ ಕೆರೆಯೊಂದನ್ನು ಕಟ್ಟಿಸಿದುದನ್ನು ಅದು ಹೇಳುವುದು. ಅವನ ಮಗನಾದ ಶಾಂತಿವರ್ಮನ ಅಪ್ಪಣೆಯಂತೆ ಕುಬ್ಜನೆಂಬ ಕವಿಯು ಅದನ್ನು ರಚಿಸಿ, ತಾನೇ ಕಲ್ಲಿನ ಮೇಲೆ ಬರೆದನು. ಹದಿನೈದು ಶತಮಾನಗಳು ಕಳೆದರೂ ಕಟ್ಟಿಸಿದವರಾರು, ಬರೆದವರಾರು ಎಂಬುದು ಇಂದಿಗೂ ತಿಳಿಯುವುದು. ಆ ಶಾಸನವು ಆದುದನ್ನು ಹೇಳುವುದು. ಈ ಹುಡುಗರ ಶಾಸನವು ಆಗಬೇಕಾದುದನ್ನು ಹೇಳುವುದು, ಹೇಳಿದೊಡನೆ ಅದು ಆಗುವುದು. ಶಾಸನವೆಂಬ ಶಬ್ದಕ್ಕೆ ಆಜ್ಞೆಯೆಂಬುದೇ ಮೂಲಾರ್ಥವಾದುದರಿಂದ, ಇವರ ಬರಹಕ್ಕೂ ಈ ಹೆಸರು ಅನ್ವರ್ಥವೇ ಸರಿ.

ಬರೆದುದರಿಂದ ಬರುವ ಲಾಭಗಳು ಹಲವು. ಯಾರು, ಯಾವ ದಿನ, ಯಾವ ಅಕ್ಷರವನ್ನು ಏಕೆ ತಿದ್ದಿದರೆಂಬುದೆಲ್ಲ ದಾಖಲೆಯಲ್ಲಿರುವುದು. 2005ರಲ್ಲಿ ಲೀನಸ್ ಟೋರ್‌ವಾಲ್ಡ್ಸ್ ರಚಿಸಿದ 'ಗಿಟ್' ಎಂಬ ಬಹಿಯು ಇದಕ್ಕೆ ಬಳಕೆಯಾಗುವುದು. ಒಬ್ಬನು ಬರೆದುದನ್ನು ಮತ್ತೊಬ್ಬನು ಓದಿ ಒಪ್ಪಿದ ಹೊರತು ಅದು ಮುಂದಕ್ಕೆ ಹೋಗದು. ಒಪ್ಪಿದ ಮೇಲೆ ಯಂತ್ರವೇ ಅದರ ತಪ್ಪುಗಳನ್ನು ಪರೀಕ್ಷಿಸುವುದು. ನಿಜವಾದ ಏರ್ಪಾಡಿನ ಒಂದು ಪಡಿಯಚ್ಚನ್ನು ಪ್ರತ್ಯೇಕವಾಗಿ ನಿಲ್ಲಿಸಿ, ಅಲ್ಲಿ ನಡೆಸಿ ನೋಡಿ, ಅದನ್ನು ಕೆಡವಿ, ಅನಂತರ ನಿಜವಾದುದಕ್ಕೆ ಕೈಹಾಕುವುದು. ಅದನ್ನೂ ಮೊದಲು ಸ್ವಲ್ಪ ಭಾಗಕ್ಕೆ, ಕೇಡಿಲ್ಲವೆಂದು ಕಂಡಮೇಲೆ ಉಳಿದುದಕ್ಕೆ. ಕೆಟ್ಟರೆ ಹಿಂದಿನ ಬರಹಕ್ಕೆ ಮರಳಬಹುದು. ಹಿಂದೆ ತಿಂಗಳು ಕಾಯುತ್ತಿದ್ದ ತಂಡವು ಈಗ ಅದೇ ದಿನ ತನ್ನ ಹೊಸ ಪಾಕವನ್ನು ಬಡಿಸಬಲ್ಲುದು. ತಿದ್ದುಪಡಿಯು ಚಿಕ್ಕದಾದುದರಿಂದ ತಪ್ಪೂ ಚಿಕ್ಕದಾಗಿಯೇ ಇರುವುದು, ಬೇಗ ಕೈಗೆ ಸಿಕ್ಕುವುದು.

ಇಷ್ಟು ಹೇಳಿದಮೇಲೆ ಹುಡುಗನನ್ನು ನಾವು ಕೇಳಿದೆವು: "ಇಷ್ಟು ಸುಲಭವಿದ್ದರೆ, ಅಂದಿನ ರಾತ್ರಿಯ ಕ್ರಮವನ್ನು ನೀನೇಕೆ ಮುಂಚೆಯೇ ಬರೆದಿಡಲಿಲ್ಲವಪ್ಪ?" ಅವನು ತಲೆತಗ್ಗಿಸಿ, "ಬರೆದಿಟ್ಟರೆ ನನ್ನ ಅಗತ್ಯವೇನು ದೊಡ್ಡಪ್ಪ?" ಎಂದನು.

ಈ ಮಾತು ನಮ್ಮ ಎದೆಗೆ ತಾಗಿತು. ಏಕೆಂದರೆ ಇದೇ ಅಪರಾಧವನ್ನು ನಾವೂ ಮಾಡಿದ್ದೆವು. ಉಪಾಧ್ಯಾಯರಾಗಿದ್ದಾಗ ಶಾಲೆಯ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಹೊಣೆ ನಮ್ಮದಾಗಿತ್ತು. ಯಾರು ರಜೆ ಹಾಕಿದರೆ ಯಾವ ತರಗತಿಗೆ ಯಾರನ್ನು ಕಳುಹಿಸಬೇಕೆಂಬುದೆಲ್ಲ ನಮ್ಮ ನಾಲಗೆಯ ತುದಿಯಲ್ಲಿತ್ತು. "ಅವರಿಲ್ಲದೆ ಈ ಶಾಲೆ ನಡೆಯದು" ಎಂದು ಸಹೋದ್ಯೋಗಿಗಳು ಹೇಳುವುದನ್ನು ಕೇಳಿ ಉಬ್ಬುತ್ತಿದ್ದೆವು. ಬರೆದಿಡಿರೆಂದವರಿಗೆ ಬಿಡುವಿಲ್ಲವೆಂದು ನೆವ ಹೇಳುತ್ತಿದ್ದೆವು. ಒಂದು ವರ್ಷ ಪರೀಕ್ಷೆಯ ಹೊತ್ತಿಗೆ ವಿಷಮಶೀತಜ್ವರದಿಂದ ಹಾಸಿಗೆ ಹಿಡಿದೆವು. ಮೂರು ವಾರ ತರಗತಿಗಳು ಅಸ್ತವ್ಯಸ್ತವಾದವು. ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತದ ಪುನರಾವರ್ತನೆಯೇ ನಡೆಯಲಿಲ್ಲ. ಫಲಿತಾಂಶ ಬಂದಾಗ ಅನುತ್ತೀರ್ಣರಾದವರ ಹೆಸರುಗಳನ್ನು ಓದುತ್ತ, ಇದರಲ್ಲಿ ನಮ್ಮ ಹೆಮ್ಮೆಯ ಪಾಲೆಷ್ಟು ಎಂದು ಲೆಕ್ಕಹಾಕಿದೆವು. ಆ ಲೆಕ್ಕವು ಇಂದಿಗೂ ಮುಗಿದಿಲ್ಲ.

ಇನ್ನೂ ಹಿಂದಿನದೊಂದು ನೆನಪು ಉಂಟು. ಸೊರಬ ತಾಲ್ಲೂಕಿನ ನಮ್ಮ ಹುಟ್ಟೂರಿನ ಕೆರೆಗೆ ಎರಡು ತೂಬುಗಳಿದ್ದವು. ನೀರು ಬಿಡುವವನು ಒಬ್ಬನೇ ನೀರಗಂಟಿ. ಯಾರ ಗದ್ದೆಗೆ ಯಾವ ಜಾವದಲ್ಲಿ ಎಷ್ಟು ಹೊತ್ತು, ಕೋಡಿ ಬೀಳುವ ಮುನ್ನ ತೂಬನ್ನು ಎಷ್ಟು ಎತ್ತಬೇಕು ಎಂಬುದು ಅವನಿಗಲ್ಲದೆ ಅನ್ಯರಿಗೆ ತಿಳಿಯದು. ಒಂದು ಆಷಾಢದಲ್ಲಿ ಅವನು ತೀರಿಕೊಂಡನು. ಮಗನು ದಾವಣಗೆರೆಯ ಕೆಲಸದಲ್ಲಿದ್ದನು. ಆ ಸಾಲು ಮೇಲಣ ಗದ್ದೆಗಳು ಕೊಳೆತವು, ಕೊನೆಯ ಗದ್ದೆಗಳು ಒಣಗಿದವು. ಅಣ್ಣತಮ್ಮಂದಿರು ಗುದ್ದಲಿಯೆತ್ತಿಕೊಂಡು ನಿಂತರು. ಆಗ ಹಿರಿಯರೆಲ್ಲ ಒಂದು ಜಗಲಿಯಲ್ಲಿ ಸೇರಿ, ನೀರಿನ ಸರದಿಯನ್ನು ಬರೆಯಿಸಲು ಗೊತ್ತುಮಾಡಿದರು. ಅಕ್ಷರ ದುಂಡಗಿದೆಯೆಂದು, ಹೈಸ್ಕೂಲು ಓದುತ್ತಿದ್ದ ನಮ್ಮ ಕೈಗೆ ಲೇಖನಿ ಬಂದಿತು. ಒಂದು ಹಾಳೆ ಬರೆಯಲು ಮೂರು ರಾತ್ರಿ ಹಿಡಿಯಿತು. ಎಲ್ಲರಿಗೂ ಗೊತ್ತೆಂದುಕೊಂಡಿದ್ದ ಸರದಿಯು ಯಾರಿಗೂ ಪೂರ್ತಿಯಾಗಿ ಗೊತ್ತಿಲ್ಲವೆಂಬುದು ಬರೆಯಲು ಕುಳಿತಾಗಲೇ ಹೊರಬಿದ್ದಿತು. ಇಬ್ಬರ ಗದ್ದೆಗೆ ಒಂದೇ ಜಾವ. ಒಬ್ಬ ವಿಧವೆಯ ಗದ್ದೆಗೆ ಸರದಿಯೇ ಇಲ್ಲ. ನೀರಗಂಟಿಯು ದಯೆಯಿಂದ ರಾತ್ರಿ ಬಿಡುತ್ತಿದ್ದನಂತೆ. ಆಕೆಯ ಹೆಸರನ್ನು ಮೊದಲ ಸಲ ಪಟ್ಟಿಯಲ್ಲಿ ಬರೆದುದು ನಮ್ಮ ಕೈ.

ಇವೆರಡನ್ನೂ ಹುಡುಗನಿಗೆ ಹೇಳಿದೆವು. ಅವನು ಮರುಮಾತಾಡಲಿಲ್ಲ. ಬೆಂಗಳೂರಿಗೆ ಹೋದವನು ಮೇಲಣವರನ್ನು ಒಪ್ಪಿಸಿ, ತನ್ನ ತಂಡದ ಇಬ್ಬರನ್ನು ಜೊತೆಗಿಟ್ಟುಕೊಂಡು, ತಲೆಯೊಳಗಿದ್ದುದನ್ನೆಲ್ಲ ಬರೆಯತೊಡಗಿದನು. ಪೂರ್ತಿ ಒಂದು ವರ್ಷ ಹಿಡಿಯಿತು. ನಮ್ಮ ಮೂರು ರಾತ್ರಿಗಳಲ್ಲಾದಂತೆಯೇ ಅಲ್ಲಿಯೂ ಆಯಿತು: ಯಾರೋ ಎಂದೋ ಹಚ್ಚಿ ಮರೆತ ಯಂತ್ರಗಳು, ಮನೆಯವರಿಲ್ಲದ ಮನೆಯಲ್ಲಿ ಉರಿಯುವ ದೀಪದಂತೆ ಬಾಡಿಗೆ ತಿನ್ನುತ್ತಿದ್ದುವು ಸಿಕ್ಕವು, ಮುಚ್ಚಬೇಕಾಗಿದ್ದ ಬಾಗಿಲುಗಳು ತೆರೆದಿದ್ದುವು ಕಂಡವು.

ಆದರೆ ವಾಚಕರಿಂದ ಸತ್ಯವನ್ನು ಮರೆಮಾಚಲಾರೆವು. ಈ ಬದಲಾವಣೆಯು ಎಲ್ಲರಿಗೂ ಸುಖವನ್ನು ತರಲಿಲ್ಲ. ಹುಡುಗನೊಡನೆ ಕೆಲಸ ಮಾಡುತ್ತಿದ್ದ, ನಲವತ್ತೈದು ದಾಟಿದ ಒಬ್ಬನಿಗೆ ಕೈಯ ಕ್ರಮವಷ್ಟೇ ಬರುತ್ತಿತ್ತು. ಹೊಸ ಬರಹವು ಅವನಿಗೆ ಒಗ್ಗಲಿಲ್ಲ. ಕಲಿಯಲು ಸಾಕಷ್ಟು ಸಮಯವನ್ನೂ ಯಾರೂ ಕೊಡಲಿಲ್ಲ. ಕಡೆಗೆ ಅವನು ಬೇರೆ ಕೆಲಸವನ್ನು ಹುಡುಕಿಕೊಂಡು ಹೋದನು. ಇದನ್ನು ಹೇಳುವಾಗ ನಮ್ಮ ಹುಡುಗನ ಮುಖ ಬಾಡಿತು. ಯಂತ್ರಕ್ಕೆ ಕಲಿಸಲು ಒಂದು ವರ್ಷ ಕೊಡುವ ಯಜಮಾನರು ಮನುಷ್ಯನಿಗೆ ಕಲಿಸಲು ಆರು ತಿಂಗಳನ್ನಾದರೂ ಕೊಡುವುದು ನ್ಯಾಯವೆಂದು ನಮಗೆ ತೋರುವುದು.

ಮತ್ತೊಂದು ಎಚ್ಚರಿಕೆಯೂ ಅವಶ್ಯ. ಕೈತಪ್ಪು ಒಂದು ಕಡೆ ಕೆಡಿಸುವುದು. ಬರಹದ ತಪ್ಪು ಅದನ್ನು ಓದುವ ಯಂತ್ರಗಳಲ್ಲೆಲ್ಲ ಕೆಡಿಸುವುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು, ಕಂಪ್ಯೂಟರುಗಳನ್ನು ಕಾಯಬೇಕಾದ ತನ್ನ ಸಾಫ್ಟ್‌ವೇರಿಗೆ ಒಂದು ದೋಷಯುಕ್ತ ತಿದ್ದುಪಡಿಯನ್ನು ಲೋಕಕ್ಕೆಲ್ಲ ಏಕಕಾಲದಲ್ಲಿ ಕಳುಹಿಸಿತು. ಒಂದೂವರೆ ಗಂಟೆಯೊಳಗಾಗಿ ಅದನ್ನು ಹಿಂತೆಗೆದುಕೊಂಡರೂ, ಅಷ್ಟರಲ್ಲಿ ಸುಮಾರು 85 ಲಕ್ಷ ಕಂಪ್ಯೂಟರುಗಳು ಮೂರ್ಛೆಹೋಗಿದ್ದುವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಕೊಡಬೇಕಾಯಿತು. ಮೊದಲು ಕೆಲವಕ್ಕೆ ಕಳುಹಿಸಿ ನೋಡಿದ್ದರೆ ಇಷ್ಟು ಅನರ್ಥವಾಗುತ್ತಿರಲಿಲ್ಲ. ಆದ್ದರಿಂದ ಬರೆದುದನ್ನು ಮತ್ತೊಬ್ಬನು ಓದುವುದು, ಮೊದಲು ಸ್ವಲ್ಪದರಲ್ಲಿ ನಡೆಸಿ ನೋಡುವುದು, ಹಿಂದಿರುಗುವ ದಾರಿಯನ್ನು ಇಟ್ಟುಕೊಳ್ಳುವುದು ಎಂಬೀ ಮೂರನ್ನು ಬಿಟ್ಟ ಆಟೊಮೇಷನ್ನು, ಸಾರಥಿಯಿಲ್ಲದ ರಥಕ್ಕೆ ಇನ್ನೂ ನಾಲ್ಕು ಕುದುರೆಗಳನ್ನು ಕಟ್ಟಿದಂತೆ.

ಹೀಗಾಗಿ ಹುಡುಗನ "ನನ್ನ ಅಗತ್ಯವೇನು?" ಎಂಬ ಪ್ರಶ್ನೆಗೆ ಉತ್ತರವು ತಾನಾಗಿಯೇ ದೊರೆಯಿತು. ಏನನ್ನು ಬರೆಯಬೇಕು, ಬರೆದುದು ಸರಿಯೇ, ಯಾರ ಹೆಸರು ಪಟ್ಟಿಯಿಂದ ಬಿಟ್ಟುಹೋಗಿದೆ ಎಂಬುದನ್ನು ಬರಹವು ತಾನೇ ಹೇಳಲಾರದು. ಆ ವಿಧವೆಯ ಗದ್ದೆಗೆ ನೀರು ಬೇಕೆಂಬುದು ಹಾಳೆಗೆ ತಿಳಿದಿರಲಿಲ್ಲ, ನೀರಗಂಟಿಗೆ ತಿಳಿದಿತ್ತು. ಅವನ ಕೈಯ ಶ್ರಮವನ್ನು ಹಾಳೆಗೆ ಬಿಡಬಹುದು. ಅವನ ವಿವೇಕಕ್ಕೆ ಮನುಷ್ಯನೇ ಬೇಕು. ಈಗ ನಮ್ಮ ಹುಡುಗನನ್ನು ಯಂತ್ರ ಕೆಟ್ಟಾಗ ಕರೆಯುವುದು ಕಡಮೆಯಾಗಿದೆ. ಹೊಸದನ್ನು ಯೋಚಿಸುವಾಗ ಕರೆಯುವುದು ಹೆಚ್ಚಾಗಿದೆ.

ಸೊರಬದ ಆ ತಾಯಿಗೆ ನಮ್ಮ ವಿಜ್ಞಾಪನೆಯಿಷ್ಟು: ಅಮ್ಮಾ, ಇನ್ನೊಮ್ಮೆ ಯಾರಾದರೂ ಕೇಳಿದರೆ, "ನನ್ನ ಮಗನು ದೂರದ ಯಂತ್ರಗಳಿಗೆ ನೀರಗಂಟಿ, ನೀರಿನ ಸರದಿಯನ್ನು ಬರೆದಿಡುವ ನೀರಗಂಟಿ" ಎಂದು ಹೇಳಿರಿ. ಕೆರೆಯ ಅಚ್ಚುಕಟ್ಟಿನಲ್ಲಿ ಬೆಳೆದ ಯಾವ ತಾತನವರಿಗಾದರೂ ಅದು ತಿಳಿಯುವುದು. ಮತ್ತು ಮಗನು ಊರಿಗೆ ಬಂದಾಗ ಸಂಬಳವೆಷ್ಟೆಂದು ಕೇಳುವ ಮೊದಲು, "ನಿನ್ನ ತಲೆಯೊಳಗೆ ಮಾತ್ರ ಇರುವ ಕೆಲಸ ಇನ್ನೆಷ್ಟು ಉಳಿದಿದೆಯಪ್ಪ? ರಾತ್ರಿ ನಿನ್ನ ಬದಲು ಏಳುವವರು ಯಾರಾದರೂ ಇದ್ದಾರೆಯೇ?" ಎಂದು ಕೇಳಿರಿ. ಅವನು "ನಿನಗೆ ಅರ್ಥವಾಗದಮ್ಮ" ಎನ್ನಲಾರನು.

ಕಳೆದ ದೀಪಾವಳಿಗೂ ನಮ್ಮ ಹುಡುಗನು ಬಂದಿದ್ದನು. ನೀರು ತುಂಬುವ ಹಬ್ಬದ ರಾತ್ರಿ ಅವನ ಫೋನು ಒಮ್ಮೆ ಮೊಳಗಿತು. ಮೆಟ್ಟಿಲ ಬಳಿಯಿದ್ದ ತಾಯಿಯ ಮುಖ ಕಪ್ಪಿಟ್ಟಿತು. ಅವನು ಫೋನನ್ನು ನೋಡಿ, "ತಂಡದ ಹುಡುಗಿಯೊಬ್ಬಳು ನೋಡಿಕೊಂಡಳಂತೆ, ಹಿಂದಿನ ಬರಹಕ್ಕೆ ಮರಳಿಸಿ ಸರಿಮಾಡಿದಳಂತೆ" ಎಂದು ಹೇಳಿ, ಮಲಗಲು ಹೋದನು. ಬೆಳಗಿನ ಜಾವ ನಾಲ್ಕು ಗಂಟೆಗೆ ಅವನ ತಾಯಿಯೇ ಅವನನ್ನು ಎಬ್ಬಿಸಿ ಎಣ್ಣೆಯೊತ್ತಿದಳು. ಹಂಡೆಯ ನೀರು ಕಾದಿತ್ತು.